ದಿವಾನ್ ಶೇಷಾದ್ರಿ ಅಯ್ಯರವರೂ ಬೊಕ್ಕಸದ ಲೆಕ್ಕವೂ

ಮೈಸೂರು ಸಂಸ್ಥಾನದ ದಿವಾನರ ಪೈಕಿ ಸರ್ ಕೆ. ಶೇಷಾದ್ರಿ ಅಯ್ಯರವರಷ್ಟು ದೀರ್ಘಕಾಲ ಆ ಪದವಿಯಲ್ಲಿದ್ದವರು ಬೇರೊಬ್ಬರಿಲ್ಲ. 1883ರಿಂದ 1901ರವರೆಗೆ ಹದಿನೆಂಟು ವರ್ಷಗಳ ಕಾಲ ಅವರು ಈ ನಾಡಿನ ಬೊಕ್ಕಸದ ಕೀಲಿಕೈಯನ್ನು ಹಿಡಿದಿದ್ದರು. ಬೆಂಗಳೂರಿನ ಶೇಷಾದ್ರಿಪುರ, ಕಬ್ಬನ್ ಪಾರ್ಕಿನ ಪ್ರತಿಮೆ, ಅದರ ಹಿಂದಿನ ಕೆಂಪು ಬಣ್ಣದ ಸ್ಮಾರಕ ಭವನ, ಇವುಗಳಿಂದಾಗಿ ಅವರ ಹೆಸರು ಇಂದಿಗೂ ಉಳಿದಿದೆ. ಆದರೆ ಹೆಸರು ಉಳಿಯುವುದು ಬೇರೆ, ಒಬ್ಬ ಮನುಷ್ಯನು ಮಾಡಿದ ಕೆಲಸದ ಲೆಕ್ಕ ಚುಕ್ತಾ ಆಗುವುದು ಬೇರೆ. ಅವರ ವಿಷಯದಲ್ಲಿ ಆ ಲೆಕ್ಕವನ್ನು ಇನ್ನೂ ಯಾರೂ ಮನಸ್ಸಿಟ್ಟು ನೋಡಿಲ್ಲವೆಂದೇ ನನ್ನ ಅಭಿಪ್ರಾಯ. ಅವರನ್ನು ಹೊಗಳುವವರು ಶಿವನಸಮುದ್ರದ ವಿದ್ಯುತ್ತನ್ನು ತೋರಿಸುತ್ತಾರೆ. ತೆಗಳುವವರು ಮಾರಿಕಣಿವೆಯನ್ನು ತೋರಿಸುತ್ತಾರೆ. ಎರಡೂ ಒಬ್ಬನೇ ದಿವಾನನು ಹೆಚ್ಚುಕಡಮೆ ಒಂದೇ ಕಾಲದಲ್ಲಿ ಕೈಗೊಂಡ ಕೆಲಸಗಳೆಂಬುದನ್ನು ಇಬ್ಬರೂ ಮರೆಯುತ್ತಾರೆ.

ಶೇಷಾದ್ರಿ ಅಯ್ಯರವರು ಹುಟ್ಟಿದ್ದು 1845ರಲ್ಲಿ, ಮಲಬಾರಿನ ಪಾಲ್ಘಾಟ್ ಸೀಮೆಯ ಕುಮಾರಪುರದಲ್ಲಿ. ಕಲ್ಲಿಕೋಟೆಯಲ್ಲೂ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲೂ ಓದಿ ಪದವೀಧರರಾದರು. ಆಗ ಮೈಸೂರು ಇನ್ನೂ ಇಂಗ್ಲಿಷ್ ಕಮಿಷನರರ ಆಡಳಿತದಲ್ಲಿತ್ತು. ಅಲ್ಲಿ ಪ್ರಬಲರಾಗುತ್ತಿದ್ದ ಸಿ. ರಂಗಾಚಾರ್ಲು ಅವರ ಕರೆಯ ಮೇಲೆ 1868ರಲ್ಲಿ ಅಷ್ಟಗ್ರಾಮ ವಿಭಾಗದ ಜುಡಿಷಿಯಲ್ ಶಿರಸ್ತೇದಾರರಾಗಿ ಬಂದರು. ಆಮೇಲೆ ಕಂದಾಯ, ನ್ಯಾಯ ಎರಡೂ ಇಲಾಖೆಗಳಲ್ಲಿ ಒಂದೊಂದೇ ಮೆಟ್ಟಿಲನ್ನು ಹತ್ತಿದರು. 1881ರಲ್ಲಿ ರಾಜ್ಯವು ಚಾಮರಾಜ ಒಡೆಯರವರಿಗೆ ಮರಳಿ ದೊರೆತಾಗ ರಂಗಾಚಾರ್ಲು ದಿವಾನರಾದರು. ಎರಡೇ ವರ್ಷಗಳಲ್ಲಿ, 1883ರ ಜನವರಿಯಲ್ಲಿ ತೀರಿಕೊಂಡರು. ಮೂವತ್ತೆಂಟು ತುಂಬದ ಶೇಷಾದ್ರಿ ಅಯ್ಯರವರ ಹೆಗಲಿಗೆ ಆ ಭಾರ ಬಿತ್ತು.

ಅದು ಎಂಥ ಭಾರವೆಂಬುದನ್ನು ತಿಳಿಯಲು ಎರಡು ಜನಗಣತಿಗಳನ್ನು ಜೊತೆಯಲ್ಲಿಟ್ಟು ನೋಡಿದರೆ ಸಾಕು. 1871ರಲ್ಲಿ ಸಂಸ್ಥಾನದ ಜನಸಂಖ್ಯೆ 50 ಲಕ್ಷ 55 ಸಾವಿರ. 1881ರಲ್ಲಿ 41 ಲಕ್ಷ 86 ಸಾವಿರ. ನಡುವೆ ಬಂದುಹೋದದ್ದು 1876-78ರ ಕ್ಷಾಮ. ನಮ್ಮ ಕಡೂರು ಸೀಮೆಯ ಬಯಲು ಹಳ್ಳಿಗಳಲ್ಲಿ ಅದನ್ನು ಧಾತು ಈಶ್ವರ ಸಂವತ್ಸರಗಳ ಬರವೆಂದು ಮುದುಕರು ಹೇಳುತ್ತಿದ್ದರಂತೆ. ಸತ್ತವರು ಸತ್ತರು, ಉಳಿದವರ ತಲೆಯ ಮೇಲೆ ಭಾರತ ಸರ್ಕಾರಕ್ಕೆ ತೀರಿಸಬೇಕಾದ 80 ಲಕ್ಷ ರೂಪಾಯಿ ಕ್ಷಾಮದ ಸಾಲ ಉಳಿಯಿತು. ರಾಜ್ಯದ ವಾರ್ಷಿಕ ವರಮಾನವೇ ಒಂದು ಕೋಟಿಯ ಆಸುಪಾಸಿನಲ್ಲಿದ್ದ ಕಾಲವದು. ಇಂಗ್ಲಿಷರಿಗೆ ಕೊಡಬೇಕಾದ ಪೊಗದಿಯನ್ನು ಇಪ್ಪತ್ತನಾಲ್ಕೂವರೆ ಲಕ್ಷದಿಂದ 35 ಲಕ್ಷಕ್ಕೆ ಏರಿಸಲಾಗಿತ್ತು. ಏರಿಕೆಯ ಭಾಗವನ್ನು 1896ರವರೆಗೆ ಮುಂದಕ್ಕೆ ಹಾಕಿದ್ದೊಂದೇ ಕೃಪೆ.

ಇಂಥ ಸ್ಥಿತಿಯಲ್ಲಿ ಮನೆಯ ಯಜಮಾನನು ಕೈ ಬಿಗಿಹಿಡಿಯಬೇಕೆಂದು ನಂಬುವವರು ಎಲ್ಲ ಕಾಲದಲ್ಲೂ ಇರುತ್ತಾರೆ. ಸಾಲ ಮಾಡಿಯಾದರೂ ಬಾವಿ ತೋಡಿಸಬೇಕೆಂದು ನಂಬುವವರೂ ಇರುತ್ತಾರೆ. ಶೇಷಾದ್ರಿ ಅಯ್ಯರವರು ಎರಡನೆಯ ಪಂಗಡದವರು. ರೈಲುಹಾದಿಗೂ ನೀರಾವರಿಗೂ ಅವರು ಹಣವನ್ನು ಧಾರಾಳವಾಗಿ ತೊಡಗಿಸಿದರು. ಬೆಂಗಳೂರಿನಿಂದ ಹೊರಟು 1884ರಲ್ಲಿ ಗುಬ್ಬಿಯನ್ನು ಮುಟ್ಟಿದ್ದ ಹಾದಿ 1889ರಲ್ಲಿ ಅರಸೀಕೆರೆ, ಕಡೂರು, ಬೀರೂರುಗಳನ್ನು ಹಾದು ಹರಿಹರದವರೆಗೆ ಸಾಗಿತು. ಬೀರೂರಿನಿಂದ ತರೀಕೆರೆಯ ಮೇಲೆ ಶಿವಮೊಗ್ಗೆಗೆ ಹೋಗುವ ಕವಲು 1899ರಲ್ಲಿ ತೆರೆಯಿತು. ಕ್ಷಾಮದ ವರ್ಷಗಳಲ್ಲಿ ಹೊರಗಿನ ಧಾನ್ಯವು ಬೆಂಗಳೂರಿನ ರೈಲುಕಟ್ಟೆಯವರೆಗೆ ಬಂದರೂ ಒಳನಾಡಿಗೆ ತಲುಪದೆ ಹೋಗಿದ್ದುದನ್ನು ಕಂಡವರಿಗೆ ಈ ಹಾದಿಯ ಬೆಲೆಯನ್ನು ವಿವರಿಸಬೇಕಾಗಿರಲಿಲ್ಲ. ಆದರೂ ಆಕ್ಷೇಪಣೆಗಳು ಎದ್ದುವು. ಅವುಗಳಲ್ಲಿ ಕೆಲವು ಖರ್ಚಿನ ವಿಷಯದವು. ಬಹಳಷ್ಟು ದಿವಾನರ ಊರಿನ ವಿಷಯದವು. ಅವರು ಮದರಾಸಿನ ಕಡೆಯವರು, ದೊಡ್ಡ ಹುದ್ದೆಗಳಿಗೆ ಮದರಾಸಿನವರನ್ನೇ ತುಂಬುತ್ತಾರೆ, ಮೈಸೂರು ಮೈಸೂರಿನವರಿಗೆ ದಕ್ಕಬೇಕು ಎಂಬ ಕೂಗು ಪತ್ರಿಕೆಗಳಲ್ಲೂ ಜಗಲಿಗಳಲ್ಲೂ ಹಬ್ಬಿತು. ಆ ಕೂಗಿನಲ್ಲಿ ನ್ಯಾಯವಿರಲಿಲ್ಲವೆಂದು ನಾನು ಹೇಳಲಾರೆ. ಆದರೆ ದಿವಾನರ ಹುಟ್ಟೂರಿನ ಮೇಲಿನ ಸಿಟ್ಟು ರೈಲುಹಾದಿಯ ಖರ್ಚಿನ ಮೇಲೂ ಕಾಲುವೆಯ ಖರ್ಚಿನ ಮೇಲೂ ಒಂದೇ ಸಮನಾಗಿ ಬಿತ್ತು. ಅದರಂತೆಯೇ ದಿವಾನರ ಆಶ್ರಿತರಿಗೆ ಅವರು ಮುಟ್ಟಿದ್ದೆಲ್ಲ ಚಿನ್ನ. ಎರಡು ಪಕ್ಷದವರಿಗೂ ಲೆಕ್ಕದ ಪುಸ್ತಕವನ್ನು ತೆರೆಯುವ ಅಗತ್ಯವೇ ಬೀಳಲಿಲ್ಲ.

ಹಾಗೆ ತೆರೆಯಬೇಕೆಂದಿದ್ದರೂ ಪುಸ್ತಕ ಎಲ್ಲಿತ್ತು? ರಂಗಾಚಾರ್ಲು ಅವರು 1881ರ ದಸರೆಯಲ್ಲಿ 144 ಮಂದಿ ಸದಸ್ಯರೊಡನೆ ಆರಂಭಿಸಿದ ಪ್ರಜಾಪ್ರತಿನಿಧಿ ಸಭೆಯನ್ನು ಶೇಷಾದ್ರಿ ಅಯ್ಯರವರು ವರ್ಷ ವರ್ಷವೂ ನಡೆಸಿಕೊಂಡು ಬಂದರು. 1891ರಿಂದ ಚುನಾವಣೆಯ ಪದ್ಧತಿಯೂ ಬಂದಿತು. ದಿವಾನರು ಆ ಸಭೆಯ ಮುಂದೆ ಆಯವ್ಯಯದ ದೀರ್ಘ ಪಟ್ಟಿಗಳನ್ನು ಓದುತ್ತಿದ್ದರು. ಅಂದಿನ ಭಾರತದಲ್ಲಿ ಇಷ್ಟು ಮಾಡಿದ ಸಂಸ್ಥಾನಗಳು ವಿರಳ. ಅದನ್ನು ಅವರ ಕೀರ್ತಿಗೆ ಸೇರಿಸಲೇಬೇಕು. ಆದರೆ ಅಂಕಿಗಳನ್ನು ಆರಿಸುವವರೂ ಜೋಡಿಸುವವರೂ ಓದುವವರೂ ದಿವಾನರೇ. ಸದಸ್ಯರು ತಮ್ಮ ಊರಿನ ಕುಂದುಕೊರತೆಗಳನ್ನು ಅರಿಕೆ ಮಾಡಿಕೊಳ್ಳಬಹುದಾಗಿತ್ತು. ಖರ್ಚಿನ ಮೇಲೆ ಮತ ಹಾಕುವಂತಿರಲಿಲ್ಲ. ಆಧಾರವೆಲ್ಲ ಒಬ್ಬರ ಕೈಯಲ್ಲಿದ್ದಾಗ ಎದುರಿನವರ ಕೈಯಲ್ಲಿ ಉಳಿಯುವುದು ನಂಬಿಕೆ ಮಾತ್ರ. ಅಂದಿನ ಟೀಕಾಕಾರರು ದಿವಾನರ ಜಾತಿ ಊರುಗಳ ಮೇಲೆ ಹೋದುದಕ್ಕೆ ಅವರ ಸ್ವಭಾವದಷ್ಟೇ ಈ ಏರ್ಪಾಡೂ ಕಾರಣವೆಂದು ನನಗೆ ತೋರುತ್ತದೆ.

ಅವರ ಕಾಲದ ಉಳಿದ ಕೆಲಸಗಳನ್ನು ಹೆಸರಿಸಿ ಮುಂದೆ ಹೋಗುತ್ತೇನೆ: 1891ರಲ್ಲಿ ಸಿವಿಲ್ ಸರ್ವಿಸ್ ಪರೀಕ್ಷೆ, ಅದೇ ವರ್ಷ ಮೈಸೂರಿನ ಓರಿಯೆಂಟಲ್ ಲೈಬ್ರರಿ, ಬೆಂಗಳೂರಿಗೆ ಹೆಸರಘಟ್ಟದ ನೀರು, ಪ್ಲೇಗಿನ ಕಾಲದಲ್ಲಿ ಬಸವನಗುಡಿ ಮಲ್ಲೇಶ್ವರಗಳ ಬಡಾವಣೆ. ಕೌಟಿಲ್ಯನ ಅರ್ಥಶಾಸ್ತ್ರದ ಓಲೆಪ್ರತಿಯು ಮುಂದೆ ಶಾಮಶಾಸ್ತ್ರಿಗಳ ಕೈಗೆ ಸಿಕ್ಕಿದ್ದು ಆ ಲೈಬ್ರರಿಯಲ್ಲಿಯೇ. ರೈಸ್ ಸಾಹೇಬರ ಶಾಸನ ಸಂಪುಟಗಳೂ ಬಹುಮಟ್ಟಿಗೆ ಅದೇ ಆಡಳಿತದ ಫಲ. ಕಡೂರು ಜಿಲ್ಲೆಯ ಸಂಪುಟ ಅಚ್ಚಾದುದು 1901ರಲ್ಲಿ. ಕನ್ನಡ ಮೇಷ್ಟರಾದ ನನಗೆ ಈ ಸಂಪುಟಗಳ ಮೇಲೆ ವಿಶೇಷ ಪ್ರೀತಿ. ಕೆರೆ ಕಟ್ಟಿಸಿದವರು, ತೂಬು ಇಡಿಸಿದವರು, ಕೆರೆಯ ರಕ್ಷಣೆಗೆಂದು ಬಿತ್ತುವಟ್ಟ ಬಿಟ್ಟವರು ನಮ್ಮ ಶಾಸನಗಳಲ್ಲಿ ತುಂಬಿದ್ದಾರೆ. ಎಷ್ಟು ಭೂಮಿ ಬಿಟ್ಟರು, ಅದರ ಎಲ್ಲೆ ಯಾವುದು, ಸಾಕ್ಷಿ ಯಾರು ಎಂಬುದನ್ನು ಕಲ್ಲಿನ ಮೇಲೆ ಊರ ನಡುವೆ ಬರೆದು ನಿಲ್ಲಿಸುತ್ತಿದ್ದರು. ಲೆಕ್ಕವನ್ನು ಯಾರು ಬೇಕಾದರೂ ಓದಬಹುದಾಗಿತ್ತು. ಸಿಂಗಟಗೆರೆಯ ಹೆಸರಿನಲ್ಲಿಯೇ ಒಂದು ಕೆರೆಯಿದೆ; ಆದೇಶಸಂಧಿಯಿಂದ ಕಕಾರವು ಗಕಾರವಾಗಿ ಅಡಗಿಕೊಂಡಿದೆ, ಅಷ್ಟೆ.

ಇನ್ನು ಆ ಎರಡು ಕೆಲಸಗಳ ವಿಷಯ. 1894ರ ಡಿಸೆಂಬರಿನಲ್ಲಿ ಚಾಮರಾಜ ಒಡೆಯರವರು ಕಲ್ಕತ್ತೆಯಲ್ಲಿ ಅಕಾಲ ಮರಣಕ್ಕೀಡಾದರು. ಯುವರಾಜರು ಬಾಲಕರಾದ್ದರಿಂದ ಮಹಾರಾಣಿ ವಾಣೀವಿಲಾಸ ಸನ್ನಿಧಾನದವರು ರೀಜೆಂಟರಾದರು. ಆ ವೇಳೆಗೆ ವರಮಾನವು ಒಂದು ಕೋಟಿ ಎಂಬತ್ತು ಲಕ್ಷದ ಸಮೀಪಕ್ಕೆ ಏರಿತ್ತು. ಕಾವೇರಿಯ ಶಿವನಸಮುದ್ರದ ಜಲಪಾತದಿಂದ ವಿದ್ಯುತ್ತನ್ನು ತೆಗೆಯುವ ಯೋಜನೆ ಆಗ ಹುಟ್ಟಿತು. ಅದನ್ನು ಖಾಸಗಿ ಕಂಪನಿಗೆ ಬಿಟ್ಟುಕೊಡದೆ ಸರ್ಕಾರವೇ ನಡೆಸಬೇಕೆಂದು ದಿವಾನರು ಹಟ ಹಿಡಿದರು. ವಿದ್ಯುತ್ತೆಂದರೆ ಮಿಂಚಲ್ಲದೆ ಬೇರೇನೆಂದು ತಿಳಿಯದ ಜನಕ್ಕೆ, ತೊಂಬತ್ತೆರಡು ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳಿಗೆ ತಂತಿಯ ಮೇಲೆ ಶಕ್ತಿ ಹೋಗುತ್ತದೆಂಬ ಮಾತು ಹುಚ್ಚಿನಂತೆ ಕೇಳಿಸಿದ್ದರೆ ಆಶ್ಚರ್ಯವಿಲ್ಲ. ಆದರೆ ಗಮನಿಸಬೇಕಾದ ಸಂಗತಿಯೊಂದುಂಟು. 4,000 ಕುದುರೆಶಕ್ತಿಯನ್ನು ಕೊಳ್ಳುವುದಾಗಿ ಗಣಿ ಕಂಪನಿಗಳಿಂದ ಮುಂಚಿತವಾಗಿಯೇ ಕರಾರು ಪಡೆಯಲಾಗಿತ್ತು. ಹುಚ್ಚಿನಂತೆ ಕಂಡ ಈ ಯೋಜನೆಯ ಕೆಳಗೆ ರುಜು ಹಾಕಿದ ಕಾಗದವಿತ್ತು.

ಮಾರಿಕಣಿವೆಯ ಕತೆ ಬೇರೆ. ಹಿರಿಯೂರಿನ ಬಳಿ ಎರಡು ಗುಡ್ಡಗಳ ನಡುವಿನ ಕಿರುಕಣಿವೆಯಲ್ಲಿ ವೇದಾವತಿಗೆ ಅಡ್ಡಲಾಗಿ ಕಟ್ಟೆ ಹಾಕುವುದು; ಬರಕ್ಕೆ ಹೆಸರಾದ ಆ ಸೀಮೆಯಲ್ಲಿ ಸುಮಾರು ಮೂವತ್ತು ಸಾವಿರ ಎಕರೆಗೆ ನೀರು ಕೊಡುವುದು. ಇದನ್ನು ಯಾರು ತಾನೆ ಹುಚ್ಚೆನ್ನುತ್ತಾರೆ? ಕೆರೆ ಕಟ್ಟಿಸುವುದು ನಮ್ಮಲ್ಲಿ ಪುಣ್ಯದ ಕೆಲಸ. ಆದರೆ ಇಲ್ಲಿ ಕರಾರಿಗೆ ರುಜು ಹಾಕಬೇಕಾಗಿದ್ದವನು ಮಳೆರಾಯ. ವೇದಾವತಿಯ ನೀರು ನಮ್ಮ ಕಡೂರು ಸೀಮೆಯದು. ಬಾಬಾಬುಡನ್ ಗಿರಿಯ ಮಡಿಲಲ್ಲಿ ಹುಟ್ಟುವ ವೇದಾ, ಆವತಿ ಎಂಬ ಎರಡು ಹೊಳೆಗಳು ಅಯ್ಯನಕೆರೆ, ಮದಗದ ಕೆರೆಗಳನ್ನು ತುಂಬಿ ಕಡೂರಿನ ಬಳಿ ಒಂದಾಗುತ್ತವೆ. ಗಿರಿಯ ಪಡುವಲಲ್ಲಿ ಬಿದ್ದ ಭಾರಿ ಮಳೆ ಭದ್ರೆಯ ಪಾಲು. ಮೂಡಲಿಗೆ ಬಿದ್ದದ್ದು ಮಾತ್ರ ವೇದಾವತಿಯದು. ಅಲ್ಲಿಂದ ಮುಂದೆ ಕಡೂರು, ಸಿಂಗಟಗೆರೆ, ಹೊಸದುರ್ಗಗಳ ಬಯಲಿನಲ್ಲಿ ವರ್ಷಕ್ಕೆ ಮೂವತ್ತು ಇಂಚು ಮಳೆಯೂ ಬೀಳುವುದಿಲ್ಲ. ಬಿದ್ದ ಮಳೆಯನ್ನು ಮೊದಲು ಹಳ್ಳಿಹಳ್ಳಿಯ ಕೆರೆಗಳು ಕುಡಿಯುತ್ತವೆ, ಮಿಕ್ಕರೆ ಹೊಳೆಗೆ. ಕಟ್ಟೆಯ ಮೇಲಿನ ಜಲಾನಯನ ಪ್ರದೇಶ ಎರಡು ಸಾವಿರ ಚದರ ಮೈಲಿಗೂ ಹೆಚ್ಚೆಂಬುದು ಕಾಗದದ ಮೇಲೆ ದೊಡ್ಡ ಸಂಖ್ಯೆಯೇ ಸರಿ. ಆದರೆ ಅಂದು ಕೈಯಲ್ಲಿದ್ದ ತಾಲ್ಲೂಕುಗಳ ಮಳೆಲೆಕ್ಕ ಹೆಚ್ಚೆಂದರೆ ಮೂರು ದಶಕಗಳದು. ಅಷ್ಟನ್ನೇ ನೆಚ್ಚಿ 142 ಅಡಿ ಎತ್ತರದ ಕಟ್ಟೆಗೆ, ನಲವತ್ತು ಲಕ್ಷಕ್ಕೂ ಮೀರಿದ ಖರ್ಚಿಗೆ ಕೈ ಹಾಕಲಾಯಿತು. ಪುಣ್ಯದ ಕೆಲಸವೆಂಬ ನಂಬಿಕೆ ಇಲ್ಲಿ ದಿವಾನರ ಪರವಾಗಿ ಕೆಲಸ ಮಾಡಿತೆಂದು ಹೇಳಬೇಕು.

ಎರಡರ ಫಲವನ್ನೂ ಅವರು ಕಾಣಲಿಲ್ಲ. ಆರೋಗ್ಯ ಕೆಟ್ಟು 1901ರ ಮಾರ್ಚಿನಲ್ಲಿ ಅಧಿಕಾರ ಬಿಟ್ಟರು. ಅದೇ ಸೆಪ್ಟೆಂಬರ್ 13ರಂದು ತೀರಿಕೊಂಡರು. ವಯಸ್ಸು ಐವತ್ತಾರು. ಅವರ ಮೇಲಿನ ಆಕ್ಷೇಪಣೆಗಳಿಗೆ ಉತ್ತರವಾಗಬಹುದಾಗಿದ್ದ ವಿದ್ಯುತ್ತು ಕೋಲಾರಕ್ಕೆ ಹರಿದದ್ದು 1902ರ ಜೂನ್ 30ರಂದು, ಪೂರ್ಣಯ್ಯನವರ ವಂಶಸ್ಥರಾದ ಪಿ. ಎನ್. ಕೃಷ್ಣಮೂರ್ತಿಯವರ ದಿವಾನಗಿರಿಯಲ್ಲಿ. ಮಾರಿಕಣಿವೆ ಮುಗಿದದ್ದು 1907ರಲ್ಲಿ. ಅದಕ್ಕೆ ಮಹಾರಾಣಿಯವರ ಹೆಸರಿನಿಂದ ವಾಣೀವಿಲಾಸ ಸಾಗರವೆಂದು ಕರೆದರು.

ಶಿವನಸಮುದ್ರದಲ್ಲಿ ತೊಡಗಿಸಿದ ಬಂಡವಾಳ ಕೆಲವೇ ವರ್ಷಗಳಲ್ಲಿ ಮರಳಿ ಬಂದಿತು. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ದೀಪ ಹತ್ತಿತು. ಹುಚ್ಚೆಂದವರು ಸುಮ್ಮನಾದರು. ಮಾರಿಕಣಿವೆಯಲ್ಲಿ ಕಾಲುವೆಗಳು ಸಿದ್ಧವಾದರೂ ಎಣಿಸಿದಷ್ಟು ರೈತರು ಬರಲಿಲ್ಲ. ಹಿರಿಯೂರು ಸೀಮೆಯ ಮಲೇರಿಯಾ ಬಂದವರನ್ನೂ ಓಡಿಸಿತು. ವರಮಾನವು ಅಂದಾಜಿನ ಹತ್ತಿರಕ್ಕೂ ಸುಳಿಯಲಿಲ್ಲ. ಪುಣ್ಯವೆಂದವರೂ ಸುಮ್ಮನಾದರು. ಒಂದು ಕಡೆ ಕರಾರು, ಇನ್ನೊಂದು ಕಡೆ ಹರಕೆ ಎಂಬ ಭೇದವನ್ನು ಕೆಲಸ ಆರಂಭಿಸುವ ಮೊದಲೇ ಕೇಳಬಹುದಾಗಿತ್ತು. ದಿವಾನರ ಪರವಾಗಿದ್ದವರು ಕೇಳಲಿಲ್ಲ, ವಿರುದ್ಧವಾಗಿದ್ದವರೂ ಕೇಳಲಿಲ್ಲ.

ಆದರೂ ಮಾರಿಕಣಿವೆಯನ್ನು ದಂಡವೆಂದು ತಳ್ಳಿಹಾಕುವವರ ಜೊತೆಗೆ ನಾನು ಸೇರಲಾರೆ. ಜಲಾಶಯವು 1933ರಲ್ಲಿ ಒಮ್ಮೆ ಪೂರ್ತಿ ತುಂಬಿತು; ಆಮೇಲೆ ತುಂಬಿದ್ದು 2022ರಲ್ಲಿ, ಎಂಬತ್ತೊಂಬತ್ತು ವರ್ಷಗಳ ತರುವಾಯ. ಈ ಒಂದು ಸಂಗತಿಯನ್ನೇ ಹಿಡಿದು ವ್ಯರ್ಥವಾಯಿತೆನ್ನುವುದು ಸುಲಭ. ಮೂವತ್ತು ಟಿ.ಎಂ.ಸಿ. ಹಿಡಿಯುವ ಪಾತ್ರೆ ಅರ್ಧ ತುಂಬಿದರೂ ಹಿರಿಯೂರಿನ ತೆಂಗು ಅಡಿಕೆ ತೋಟಗಳು ಹಸುರಾಗುತ್ತವೆ. ಚಿತ್ರದುರ್ಗದ ಪಟ್ಟಣಗಳು ಇಂದು ಅದರ ನೀರನ್ನು ಕುಡಿಯುತ್ತಿವೆ. ಯಾವ ವರ್ಷ ಎಷ್ಟು ಎಕರೆಗೆ ಎಷ್ಟು ತಿಂಗಳು ನೀರು ಹೋಯಿತೆಂಬುದನ್ನು ಕೇಳಬೇಕೇ ಹೊರತು ಕೋಡಿ ಎಷ್ಟು ಸಲ ಬಿದ್ದಿತೆಂಬುದನ್ನಲ್ಲ. ದಿವಾನರು ಅದನ್ನು ಕಂದಾಯದ ಲಾಭದ ಆಸೆಯಿಂದ ಸಮರ್ಥಿಸುವ ಬದಲು, 1876ರ ಬರವನ್ನು ಮತ್ತೆ ನೋಡದಿರುವುದಕ್ಕೆ ತೆರುವ ಬೆಲೆಯೆಂದು ಮುಚ್ಚುಮರೆಯಿಲ್ಲದೆ ಸಭೆಯ ಮುಂದಿಟ್ಟಿದ್ದರೆ ಚರ್ಚೆಯ ಹಾದಿಯೇ ಬೇರೆಯಾಗುತ್ತಿತ್ತು. ಅಂಥ ಬೆಲೆಯನ್ನು ತೆರಬಹುದೇ ಕೂಡದೇ ಎಂಬುದು ನಿಜವಾಗಿಯೂ ನಂಬಿಕೆಯ ಪ್ರಶ್ನೆ. ನೀರು ಬರುತ್ತದೆಯೇ ಎಂಬುದು ಅಲ್ಲ.

ಭದ್ರಾ ಮೇಲ್ದಂಡೆ ಯೋಜನೆಯ ಮೂಲಕ 2019ರಿಂದ ಗಿರಿಯ ಪಡುವಲ ನೀರನ್ನು ಎತ್ತಿ, ತರೀಕೆರೆ ಅಜ್ಜಂಪುರಗಳ ಮೇಲೆ, ಸುರಂಗದೊಳಗಿಂದ ವೇದಾವತಿಯ ಕಡೆಗೆ ಹರಿಸುತ್ತಿದ್ದಾರೆ. ಅಂದು ಕರಾರಿಗೆ ರುಜು ಹಾಕದೆಹೋದ ಮಳೆರಾಯನ ಪರವಾಗಿ ಈಗ ಪಂಪುಗಳು ರುಜು ಹಾಕುತ್ತಿವೆ. ಆ ಯೋಜನೆಗೆ ಕೇಂದ್ರದ 2023ರ ಮುಂಗಡಪತ್ರದಲ್ಲಿ ಘೋಷಿಸಿದ 5,300 ಕೋಟಿ ರೂಪಾಯಿಯ ಮಾತು ನಮ್ಮ ಉಪಾಧ್ಯಾಯರ ಕೊಠಡಿಯಲ್ಲಿ ಬಂದಾಗಲೆಲ್ಲ, ಯಾರು ಯಾವ ಪಕ್ಷದವರೆಂದು ತಿಳಿದಿದ್ದರೆ ಅವರ ವಾದವನ್ನು ಕೇಳದೆಯೇ ಹೇಳಿಬಿಡಬಹುದು. 2022ರಲ್ಲಿ ಕೋಡಿ ಬಿದ್ದದ್ದು ನಮ್ಮ ಸರ್ಕಾರದ ಪಂಪಿನಿಂದ ಎಂದು ಒಬ್ಬರು, ಆ ವರ್ಷದ ಭಾರಿ ಮಳೆಯಿಂದ ಎಂದು ಇನ್ನೊಬ್ಬರು. ಒಳಹರಿವಿನಲ್ಲಿ ಹೊಳೆಯದೆಷ್ಟು, ಭದ್ರೆಯದೆಷ್ಟು ಎಂಬುದು ಅಳೆದು ತಿಳಿಯಬಹುದಾದ ಸಂಗತಿ. ಹೊಸದುರ್ಗದ ಕಡೆಯಿಂದ ಬರುವ ನನ್ನ ಇಬ್ಬರು ವಿದ್ಯಾರ್ಥಿಗಳಿಗೆ ಆ ಅಂಕಿಗಳನ್ನು ವಿಚಾರಿಸಿ ಬರೆದುಕೊಂಡು ಬರಲು ಹೇಳಿದ್ದೇನೆ.