ನೋವನ್ನು ವರವೆಂದು ಅರಿತ ವೈದ್ಯ: ಡಾ. ಪಾಲ್ ಬ್ರ್ಯಾಂಡ್

ಬೆಂಗಳೂರು, ಕೋಲಾರದ ಕಡೆಯಿಂದ ಬಂದವರಿಗೆ ವೆಲ್ಲೂರಿನ ಹೆಸರು ಹೊಸದಲ್ಲ. ಊರಿನ ಡಾಕ್ಟರು ಇನ್ನು ತಮ್ಮ ಕೈಯಲ್ಲಿಲ್ಲ ಎಂದಾಗ ರೋಗಿಯನ್ನು ವೆಲ್ಲೂರಿಗೆ ಕರೆದೊಯ್ಯುವುದು ನಮ್ಮ ಹಿರಿಯರ ಕಾಲದಿಂದ ನಡೆದುಬಂದ ರೂಢಿ. ಡಾ. ಐಡಾ ಸ್ಕಡ್ಡರ್ 1900ರಲ್ಲಿ ಒಂದೇ ಒಂದು ಹಾಸಿಗೆಯಿಂದ ಆರಂಭಿಸಿದ ಆ ಆಸ್ಪತ್ರೆಯಲ್ಲಿ ದುಡಿದ ಅನೇಕ ಮಹನೀಯರಲ್ಲಿ ಡಾ. ಪಾಲ್ ಬ್ರ್ಯಾಂಡ್ ಒಬ್ಬರು. ಕುಷ್ಠರೋಗದಿಂದ ಕೈ, ಕಾಲು, ಮುಖ ವಿಕಾರಗೊಂಡು ಹೆತ್ತವರಿಗೂ ಬೇಡವಾದವರಿಗೆ ಶಸ್ತ್ರಚಿಕಿತ್ಸೆಯ ಮೂಲಕ ಮತ್ತೆ ನಾಲ್ಕು ಜನರ ನಡುವೆ ಬಾಳುವ ದಾರಿ ತೋರಿಸಿದವರು ಇವರು. ಅಂಥ ರೋಗಿಗಳಲ್ಲಿ ಎಳೆಯ ಹುಡುಗರೂ ಇದ್ದರು. ಜೀವನದ ಕೊನೆಯ ಮೂರೂವರೆ ದಶಕಗಳನ್ನು ನಾವಿರುವ ಈ ಅಮೆರಿಕದಲ್ಲೇ ಕಳೆದ ಬ್ರ್ಯಾಂಡ್ ಅವರ ಕೆಲಸದ ಫಲ ಇಂದು ಮಧುಮೇಹವಿರುವ ನಮ್ಮ ಮನೆಗಳಿಗೂ ಮುಟ್ಟುತ್ತಿದೆ. ಆದ್ದರಿಂದ ಅವರ ಜೀವನವನ್ನು ಇಲ್ಲಿ ನೆನೆಯುವುದು ಉಚಿತವೆನಿಸುತ್ತದೆ.

ಪಾಲ್ ಬ್ರ್ಯಾಂಡ್ ಹುಟ್ಟಿದ್ದು 1914ರ ಜುಲೈ 17ರಂದು; ಬಾಲ್ಯ ಕಳೆದದ್ದು ತಮಿಳುನಾಡಿನ ಕೊಲ್ಲಿಮಲೆ ಬೆಟ್ಟಗಳಲ್ಲಿ. ತಂದೆ ಜೆಸ್ಸಿ ಮತ್ತು ತಾಯಿ ಎವೆಲಿನ್ ಇಂಗ್ಲೆಂಡಿನಿಂದ ಬಂದ ಮಿಷನರಿಗಳು. ವೈದ್ಯರೇ ಇಲ್ಲದ ಆ ಬೆಟ್ಟದಲ್ಲಿ ಹಲ್ಲು ಕೀಳುವುದರಿಂದ ಹಿಡಿದು ನಾರುಹುಣ್ಣಿಗೆ ಔಷಧಿ ಕೊಡುವವರೆಗೆ ಎಲ್ಲವನ್ನೂ ತಂದೆಯೇ ಮಾಡುತ್ತಿದ್ದರು. ಒಮ್ಮೆ ಕುಷ್ಠರೋಗಿಗಳು ಮನೆ ಬಾಗಿಲಿಗೆ ಬಂದಾಗ ಅವರು ಕೈಗವಸು ತೊಟ್ಟು ಹುಣ್ಣುಗಳಿಗೆ ಪಟ್ಟಿ ಕಟ್ಟಿದರು. ರೋಗಿಗಳು ಕುಳಿತಿದ್ದ ಜಾಗದ ಹತ್ತಿರ ಹೋಗಬಾರದೆಂದು ಮಕ್ಕಳಿಗೆ ಕಟ್ಟಪ್ಪಣೆಯಾಯಿತು. ಯಾರ ಮೈಯನ್ನೂ ಮುಟ್ಟಲು ಹಿಂಜರಿಯದ ತಂದೆಯೂ ಹೆದರುವ ರೋಗ ಒಂದಿದೆ ಎಂಬುದು ಆ ದಿನ ಹುಡುಗನ ಮನಸ್ಸಿನಲ್ಲಿ ಕುಳಿತುಬಿಟ್ಟಿತು.

ಒಂಬತ್ತನೆಯ ವಯಸ್ಸಿನಲ್ಲಿ, 1923ರಲ್ಲಿ, ಓದಿಗಾಗಿ ಅವನನ್ನು ತಂಗಿಯೊಂದಿಗೆ ಇಂಗ್ಲೆಂಡಿಗೆ ಕಳುಹಿಸಿದರು. 1929ರಲ್ಲಿ ತಂದೆ ಮಲೇರಿಯಾದ ಭೀಕರ ರೂಪವಾದ ಬ್ಲ್ಯಾಕ್‌ವಾಟರ್ ಜ್ವರಕ್ಕೆ ಬಲಿಯಾದರು. ಸಾವಿನ ಸುದ್ದಿ ತಂತಿಯಲ್ಲಿ ಬೇಗ ಬಂದಿತು. ಆದರೆ ತಂದೆ ಅದಕ್ಕೂ ಮೊದಲೇ ಬರೆದು ಹಡಗಿಗೆ ಹಾಕಿದ್ದ ಕಾಗದಗಳು ಆಮೇಲೂ ಬರುತ್ತಲೇ ಇದ್ದವು. ಟೆಲಿಫೋನು ದುಬಾರಿಯಾಗಿದ್ದ ಕಾಲದಲ್ಲಿ ಊರಿನ ಕಾಗದಕ್ಕಾಗಿ ಕಾದವರಿಗೆ ಆ ಹುಡುಗನ ಸಂಕಟವನ್ನು ವಿವರಿಸಬೇಕಾಗಿಲ್ಲ.

ಶಾಲೆ ಮುಗಿಸಿದ ಪಾಲ್‌ಗೆ ಡಾಕ್ಟರಾಗುವ ಆಸೆಯೇನೂ ಇರಲಿಲ್ಲ. ತಂದೆಯಂತೆ ಮನೆ ಕಟ್ಟುವುದನ್ನು ಕಲಿಯಬೇಕೆಂದು ಕೆಲವು ವರ್ಷ ಬಡಗಿ ಕೆಲಸ, ಗಾರೆ ಕೆಲಸಗಳಲ್ಲಿ ಪಳಗಿದರು. ಅನಂತರ ಮಿಷನರಿಗಳಿಗಾಗಿ ನಡೆಸುತ್ತಿದ್ದ ಕಿರು ವೈದ್ಯಕೀಯ ತರಬೇತಿಗೆ ಸೇರಿದಾಗ ಮನಸ್ಸು ತಿರುಗಿತು. ಲಂಡನ್ನಿನ ಯೂನಿವರ್ಸಿಟಿ ಕಾಲೇಜ್ ಆಸ್ಪತ್ರೆಯಲ್ಲಿ ವೈದ್ಯಕೀಯ ಓದಿ, ಎರಡನೆಯ ಮಹಾಯುದ್ಧದ ಬಾಂಬು ದಾಳಿಗಳ ನಡುವೆ ಶಸ್ತ್ರವೈದ್ಯರಾಗಿ ತರಬೇತಿ ಪಡೆದರು. ಸಹಪಾಠಿ ಮಾರ್ಗರೆಟ್ ಬೆರ್‍ರಿ ಅವರ ಕೈಹಿಡಿದರು. 1946ರಲ್ಲಿ ಡಾ. ರಾಬರ್ಟ್ ಕಾಕ್ರೇನ್ ಅವರ ಕರೆಯ ಮೇರೆಗೆ ವೆಲ್ಲೂರಿಗೆ ಬಂದರು.

ವೆಲ್ಲೂರಿನಲ್ಲಿ ಅವರು ಮೊದಲು ಕೈಹಾಕಿದ ಕೆಲಸಗಳಲ್ಲಿ ಒಂದು, ಹುಟ್ಟಿನಿಂದಲೇ ಪಾದ ಒಳಕ್ಕೆ ತಿರುಚಿಕೊಂಡ ಹಸುಗೂಸುಗಳ ಚಿಕಿತ್ಸೆ. ಇಂಥ ಪಾದವನ್ನು ಬಲವಂತದಿಂದ ನೆಟ್ಟಗೆ ಮಾಡಿ ಪ್ಲಾಸ್ಟರ್ ಹಾಕುವುದು ಆಗ ಇಂಗ್ಲೆಂಡಿನಲ್ಲಿ ಸಾಮಾನ್ಯವಾಗಿತ್ತು. ಹಾಗೆ ಮಾಡಿದಾಗ ಒಳಗಿನ ಅಂಗಾಂಶ ಹರಿದು, ಗಾಯ ಮಾಗಿ, ಪಾದ ಮರದಂತೆ ಬಿಗಿಯುವುದನ್ನು ಬ್ರ್ಯಾಂಡ್ ಗಮನಿಸಿದ್ದರು. ಅವರು ಬೇರೆ ದಾರಿ ಹಿಡಿದರು. ಮಗುವನ್ನು ಹಸಿದ ಹೊತ್ತಿಗೆ ಕರೆತರುವಂತೆ ತಾಯಂದಿರಿಗೆ ಹೇಳುತ್ತಿದ್ದರು. ಮಗು ಹಾಲು ಕುಡಿಯುತ್ತಿರುವಾಗ ಅದರ ಮುಖವನ್ನೇ ನೋಡುತ್ತ ಪಾದವನ್ನು ಮೆಲ್ಲಗೆ ತಿರುಗಿಸುತ್ತಿದ್ದರು. ಮಗು ಹಾಲು ಬಿಟ್ಟು ಅಳಲು ಆರಂಭಿಸಿದರೆ ಅಲ್ಲಿಗೆ ನಿಲ್ಲಿಸಬೇಕು. ಅದೇ ಅಂದಿನ ಮಿತಿ. ಮಿಕ್ಕದ್ದು ಮುಂದಿನ ಪ್ಲಾಸ್ಟರಿಗೆ. ನೋವು ಶತ್ರುವಲ್ಲ, ಎಲ್ಲಿ ನಿಲ್ಲಿಸಬೇಕೆಂದು ತಿಳಿಸುವ ಹಿತೈಷಿ ಎಂಬ ಪಾಠವನ್ನು ಬ್ರ್ಯಾಂಡ್ ಅವರಿಗೆ ಕಲಿಸಿದವರಲ್ಲಿ ಈ ಮಾತು ಬಾರದ ಮಕ್ಕಳೂ ಸೇರಿದ್ದಾರೆ.

1947ರಲ್ಲಿ ಕಾಕ್ರೇನ್ ಅವರು ಬ್ರ್ಯಾಂಡ್ ಅವರನ್ನು ಮದರಾಸಿನ ಬಳಿಯ ಚೆಂಗಲ್ಪಟ್ಟಿನ ಕುಷ್ಠರೋಗ ಆಸ್ಪತ್ರೆಗೆ ಕರೆದೊಯ್ದರು. ಅಲ್ಲಿ ಎತ್ತ ನೋಡಿದರೂ ಪಕ್ಷಿಯ ಪಂಜದಂತೆ ಮಡಿಚಿಕೊಂಡ ಕೈಗಳು, ಮೊಂಡಾದ ಬೆರಳುಗಳು. ಬ್ರ್ಯಾಂಡ್ ಒಬ್ಬ ತರುಣ ರೋಗಿಯ ಕೈಯೊಳಗೆ ತಮ್ಮ ಕೈಯಿಟ್ಟು ಹಿಸುಕಲು ಹೇಳಿದರು. ದುರ್ಬಲ ಹಿಡಿತವನ್ನು ನಿರೀಕ್ಷಿಸಿದ್ದವರಿಗೆ ತಮ್ಮ ಕೈಯೇ ನೋಯುವಷ್ಟು ಬಲ ಕಂಡಿತು. ಅಂದರೆ ಕೈಯಲ್ಲಿ ಎಲ್ಲವೂ ಸತ್ತಿಲ್ಲ! ಕೆಲವು ನರಗಳು ಹೋಗಿವೆ, ಆದರೆ ಮುಂದೋಳಿನ ದೊಡ್ಡ ಸ್ನಾಯುಗಳು ಬಲವಾಗಿಯೇ ಇವೆ. ಇಷ್ಟು ಸ್ಪಷ್ಟವಾಗಿದ್ದರೂ ಮೂಳೆ ವೈದ್ಯರು ಈ ಕಡೆ ಗಮನ ಹರಿಸಿರಲಿಲ್ಲ.

ಆ ದಿನಗಳಲ್ಲಿ ಕುಷ್ಠರೋಗಿಯ ಮಾಂಸವೇ ಕೆಟ್ಟದ್ದು, ಕೊಯ್ದರೆ ಮಾಯುವುದಿಲ್ಲ, ಬೆರಳುಗಳು ತಾವಾಗಿಯೇ ಕೊಳೆತು ಉದುರುತ್ತವೆ ಎಂಬ ನಂಬಿಕೆ ವೈದ್ಯರಲ್ಲೂ ಇತ್ತು. ಇಂಥ ರೋಗಿಗಳನ್ನು ಸಾಮಾನ್ಯ ಆಸ್ಪತ್ರೆಗಳಿಗೆ ಸೇರಿಸಿಕೊಳ್ಳುತ್ತಲೂ ಇರಲಿಲ್ಲ. ಬ್ರ್ಯಾಂಡ್ ಮತ್ತು ಸಂಗಡಿಗರು ನೂರಾರು ಕೈಗಳನ್ನು ಪರೀಕ್ಷಿಸಿ, ಯಾವ ಸ್ನಾಯು ಉಳಿಯುತ್ತದೆ, ಯಾವುದು ಹೋಗುತ್ತದೆ ಎಂದು ಪಟ್ಟಿ ಮಾಡಿದರು. ಮೊಣಕೈ, ಮಣಿಕಟ್ಟು, ಮಂಡಿಯ ಪಕ್ಕ ಹೀಗೆ ನರ ಚರ್ಮದ ಹತ್ತಿರ ಹಾಯುವ ಕೆಲವೇ ಜಾಗಗಳಲ್ಲಿ ರೋಗ ಅದನ್ನು ಹಾಳುಮಾಡುತ್ತದೆ ಎಂಬುದು ತಿಳಿಯಿತು. 1948ರಲ್ಲಿ ಶಸ್ತ್ರಚಿಕಿತ್ಸೆ ಆರಂಭವಾಯಿತು. ಬಲವಾಗಿರುವ ಸ್ನಾಯುವಿನ ರಜ್ಜುವನ್ನು ಬಿಡಿಸಿ, ಅಂಗೈಯೊಳಗಿಂದ ಹಾಯಿಸಿ, ಸೋತ ಬೆರಳುಗಳಿಗೆ ಜೋಡಿಸುವುದು ಅದರ ಕ್ರಮ. ರಜ್ಜು ಅತಿ ಬಿಗಿಯೂ ಇರಬಾರದು, ಅತಿ ಸಡಿಲವೂ ಇರಬಾರದು. ಹಿಂದೆ ಕಲಿತಿದ್ದ ಬಡಗಿ ಕೆಲಸದ ಕೈಚಳಕ ಇಲ್ಲಿ ಉಪಯೋಗಕ್ಕೆ ಬಂದಿತು. ಗಾಯಗಳು ಎಲ್ಲರಂತೆಯೇ ಮಾಗಿದವು. ಮಡಿಚಿದ ಕೈ ಬಿಚ್ಚಿಕೊಂಡು ಅನ್ನ ಕಲಸಿ ತುತ್ತು ಮಾಡುವಂತಾಯಿತು.

ಮುಖದ ಕೆಲಸವೂ ಅಷ್ಟೇ ಮುಖ್ಯವಾಗಿತ್ತು. ಹುಬ್ಬು ಉದುರಿ, ಮೂಗು ಕುಸಿದಿದ್ದರೆ ರೋಗ ವಾಸಿಯಾದವನನ್ನೂ ಜನ ದೂರದಿಂದಲೇ ಗುರುತಿಸಿ ಓಡಿಸುತ್ತಿದ್ದರು. ಮೂಗಿನ ದುರಸ್ತಿ ನಮ್ಮ ನಾಡಿಗೆ ಪುರಾತನ ವಿದ್ಯೆ. ಮೈಸೂರು ಯುದ್ಧದಲ್ಲಿ ಟಿಪ್ಪುವಿನ ಕಡೆಯವರಿಗೆ ಸೆರೆಸಿಕ್ಕಿ ಮೂಗು ಕಳೆದುಕೊಂಡ ಎತ್ತಿನ ಗಾಡಿಯವನೊಬ್ಬನಿಗೆ ಪುಣೆಯ ಬಳಿ ಹಣೆಯ ಚರ್ಮದಿಂದ ಹೊಸ ಮೂಗು ಮಾಡಿದ ಸುದ್ದಿ 1794ರಲ್ಲಿ ಲಂಡನ್ನಿನ ಪತ್ರಿಕೆಯಲ್ಲಿ ಅಚ್ಚಾಗಿ, ಯುರೋಪಿನ ವೈದ್ಯರ ಕಣ್ಣು ತೆರೆಸಿತ್ತು. ಆದರೆ ಕುಷ್ಠರೋಗದಲ್ಲಿ ಮೂಗಿನ ಹೊರಚರ್ಮ ಇದ್ದೇ ಇರುತ್ತದೆ. ಒಳಗಿನ ಆಧಾರ ಕರಗಿ ಅದು ಮುದುಡಿರುತ್ತದೆ. ಆದ್ದರಿಂದ ಸರ್ ಹೆರಾಲ್ಡ್ ಗಿಲ್ಲೀಸ್ ರೂಪಿಸಿದ್ದ ವಿಧಾನದಂತೆ ಮೇಲ್ದುಟಿಯ ಒಳಗಿನಿಂದ ಕೊಯ್ದು, ಮುದುಡಿದ್ದನ್ನು ಬಿಡಿಸಿ, ಒಳಗೆ ಹೊಸ ಚರ್ಮ ಕೂರಿಸಿದರೆ ಮುಖದ ಮೇಲೆ ಗಾಯದ ಗುರುತೂ ಇರುತ್ತಿರಲಿಲ್ಲ. ತಲೆಯ ಚರ್ಮದಿಂದ ಹುಬ್ಬು ಬಂದಿತು. ರೆಪ್ಪೆ ಮುಚ್ಚಲಾಗದೆ ಕುರುಡಾಗುತ್ತಿದ್ದವರಿಗೆ ಅಗಿಯುವ ಸ್ನಾಯುವಿನ ಎಳೆಯೊಂದನ್ನು ರೆಪ್ಪೆಗೆ ಜೋಡಿಸುತ್ತಿದ್ದರು. ಏನನ್ನಾದರೂ ಅಗಿದಂತೆ ಮಾಡಿದರೆ ಕಣ್ಣು ಮುಚ್ಚುತ್ತಿತ್ತು! ಕಣ್ಣಿನ ವೈದ್ಯರಾಗಿ ಪಳಗಿದ ಮಾರ್ಗರೆಟ್ ಅವರ ಸೇವೆ ಇದರಲ್ಲಿ ದೊಡ್ಡದು.

ಆದರೆ ಮನೆಗೆ ಹೋದ ಕೆಲವು ರೋಗಿಗಳು ಬೇಸರದಿಂದ ಹಿಂತಿರುಗಿದರು. ಕೈ ನೆಟ್ಟಗಾದ ಮೇಲೆ ಭಿಕ್ಷೆ ಹಾಕುವವರು ಕಡಿಮೆಯಾದರು, ಕೆಲಸ ಕೊಡುವವರು ಮಾತ್ರ ಯಾರೂ ಇಲ್ಲ. ಅಪರೇಷನ್ ಮುಗಿದರೆ ಚಿಕಿತ್ಸೆ ಮುಗಿಯಲಿಲ್ಲ ಎಂದು ಬ್ರ್ಯಾಂಡ್ ಅರಿತರು. ಕಾಲೇಜಿನ ಜಾಗದಲ್ಲಿ ಗುಡಿಸಲುಗಳನ್ನು ಕಟ್ಟಿ, ನವಜೀವನ ಕೇಂದ್ರವೆಂದು ಕರೆದು, ಮರಗೆಲಸ, ಆಟಿಕೆ ತಯಾರಿಕೆ ಹೇಳಿಕೊಟ್ಟರು. ಬಡಗಿ ಮೇಷ್ಟ್ರಾಗಿ ಸ್ವತಃ ತಾವೇ ನಿಂತರು.

ಅಲ್ಲೇ ಅವರ ಜೀವನದ ಬಹು ದೊಡ್ಡ ಶೋಧನೆ ಆದದ್ದು. ಒಮ್ಮೆ ತುಕ್ಕು ಹಿಡಿದ ಬೀಗವನ್ನು ಬ್ರ್ಯಾಂಡ್ ತೆಗೆಯಲಾರದೆ ಒದ್ದಾಡುತ್ತಿದ್ದಾಗ ಚಿಕ್ಕ ಹುಡುಗನೊಬ್ಬ ಬಂದು ಸಲೀಸಾಗಿ ಕೀಲಿ ತಿರುಗಿಸಿಬಿಟ್ಟ. ಕೆಳಗೆ ರಕ್ತ ತೊಟ್ಟಿಕ್ಕುತ್ತಿತ್ತು. ನೋಡಿದರೆ ಬೆರಳು ಮೂಳೆ ಕಾಣುವಷ್ಟು ಕೊಯ್ದುಹೋಗಿದೆ. ಹುಡುಗನಿಗೆ ಅದರ ಅರಿವೇ ಇಲ್ಲ. ಅಂದಿನಿಂದ ಪ್ರತಿಯೊಂದು ಗಾಯಕ್ಕೂ ಕಾರಣ ಹುಡುಕತೊಡಗಿದರು. ಬಿಸಿ ಪಾತ್ರೆ, ಸುತ್ತಿಗೆಯ ಹಿಡಿ, ಚಪ್ಪಲಿಯೊಳಗಿನ ಮೊಳೆ ಹೀಗೆ ಕಾರಣಗಳು ಸಿಕ್ಕುತ್ತ ಹೋದವು. ರಾತ್ರಿ ಮಲಗಿದವರ ಬೆರಳು ಬೆಳಗ್ಗೆ ಸವೆದಿರುತ್ತಿದ್ದುದು ಮಾತ್ರ ಒಗಟಾಗಿತ್ತು. ಕಾವಲು ಕುಳಿತು ನೋಡಿದಾಗ ಬೆರಳನ್ನು ಕಡಿಯುತ್ತಿದ್ದುದು ಇಲಿ! ಆಮೇಲೆ ಮನೆಗೆ ಹೋಗುವ ರೋಗಿಗಳ ಕೈಗೆ ಒಂದೊಂದು ಬೆಕ್ಕನ್ನೂ ಕೊಟ್ಟು ಕಳುಹಿಸುವ ಏರ್ಪಾಡಾಯಿತು. ಬೆರಳು ತಿನ್ನುವುದು ಕುಷ್ಠವಲ್ಲ. ನೋವು ತಿಳಿಯದಿರುವುದೇ ಬೆರಳನ್ನು ತಿನ್ನುತ್ತದೆ. ಈ ಒಂದು ಮಾತು ಆ ರೋಗದ ಆರೈಕೆಯ ರೀತಿಯನ್ನೇ ಬದಲಾಯಿಸಿತು.

ವೆಲ್ಲೂರಿನ ಬಳಿಯ ಕರಿಗಿರಿಯಲ್ಲಿ 1955ರ ವೇಳೆಗೆ ಸಂಶೋಧನಾ ಕೇಂದ್ರ ಬೆಳೆಯಿತು. ಮೃದು ರಬ್ಬರಿನ ಚಪ್ಪಲಿಗಳು ತಯಾರಾದವು. ಶಿಷ್ಯರೂ ಬೆಳೆದರು. ಅವರಲ್ಲಿ ಡಾ. ಮೇರಿ ವರ್ಗೀಸ್ ಅವರ ಹೆಸರು ಮರೆಯುವಂತಿಲ್ಲ. 1954ರ ಅಪಘಾತವೊಂದರಲ್ಲಿ ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡ ಅವರು, ಬ್ರ್ಯಾಂಡ್ ಅವರ ಪ್ರೋತ್ಸಾಹದಿಂದ ಗಾಲಿಕುರ್ಚಿಯಲ್ಲಿ ಕುಳಿತೇ ಕುಷ್ಠರೋಗಿಗಳ ಕೈಗಳಿಗೆ ಶಸ್ತ್ರಚಿಕಿತ್ಸೆ ಮಾಡಿದರು. ಮುಂದೆ ವೆಲ್ಲೂರಿನಲ್ಲಿ ಅಂಗವಿಕಲರ ಪುನಶ್ಚೇತನ ವಿಭಾಗವನ್ನು ಕಟ್ಟಿ, 1972ರಲ್ಲಿ ಪದ್ಮಶ್ರೀ ಪಡೆದರು.

ಬ್ರ್ಯಾಂಡ್ ಅವರಿಗೂ ಒಂದು ರಾತ್ರಿ ಪರೀಕ್ಷೆ ಎದುರಾಯಿತು. ದೀರ್ಘ ರೈಲು ಪ್ರಯಾಣದ ನಂತರ ಇಂಗ್ಲೆಂಡಿನಲ್ಲಿ ಬೂಟು ಬಿಚ್ಚಿದಾಗ ಹಿಮ್ಮಡಿ ಮರಗಟ್ಟಿತ್ತು; ಸೂಜಿ ಚುಚ್ಚಿದರೂ ತಿಳಿಯಲಿಲ್ಲ. ರೋಗ ತಮಗೂ ಅಂಟಿತೆಂದು, ಹೆಂಡತಿ ಮಕ್ಕಳಿಂದ ದೂರವಾಗಬೇಕೆಂದು ರಾತ್ರಿಯಿಡೀ ನಿದ್ದೆಯಿಲ್ಲದೆ ಕಳೆದರು. ಬೆಳಗ್ಗೆ ಮತ್ತೆ ಚುಚ್ಚಿಕೊಂಡಾಗ ಚುರ್‍ರೆಂದು ನೋವಾಯಿತು. ಅದು ರೈಲಿನಲ್ಲಿ ಒಂದೇ ಭಂಗಿಯಲ್ಲಿ ಕುಳಿತು ನರ ಒತ್ತಿದ್ದರಿಂದ ಬಂದ ಜೋಮು ಅಷ್ಟೆ. ನೋವಾಯಿತೆಂದು ಅಷ್ಟು ಸಂತೋಷಪಟ್ಟವರು ಬಹಳ ಜನ ಇರಲಾರರು.

1960ರಲ್ಲಿ ಲಾಸ್ಕರ್ ಪ್ರಶಸ್ತಿ ಬಂದಿತು. 1966ರಲ್ಲಿ ಅವರು ಲೂಸಿಯಾನ ರಾಜ್ಯದ ಕಾರ್ವಿಲ್‌ನಲ್ಲಿದ್ದ ಸರ್ಕಾರಿ ಕುಷ್ಠರೋಗ ಆಸ್ಪತ್ರೆಗೆ ಬಂದು ಇಪ್ಪತ್ತು ವರ್ಷ ದುಡಿದರು. ಅಲ್ಲಿ ನೋವಿಗೆ ಬದಲಿ ಸಾಧನವನ್ನು ತಯಾರಿಸಲು ಯತ್ನಿಸಿದರು. ಒತ್ತಡ ಹೆಚ್ಚಾದರೆ ಶಬ್ದ ಮಾಡುವ ಕೈಗವಸನ್ನು ರೋಗಿಗಳು ಲೆಕ್ಕಿಸಲಿಲ್ಲ. ವಿದ್ಯುತ್ತಿನ ಚುರುಕು ಕೊಟ್ಟರೆ ಸ್ವಿಚ್ಚು ಆರಿಸಿ ಕೆಲಸ ಮುಂದುವರಿಸಿದರು. ತಾನಾಗಿ ಆರಿಸಲಾಗದಿರುವುದೇ ನಿಜವಾದ ನೋವಿನ ಹಿರಿಮೆ ಎಂದು ಆ ಸೋಲು ಕಲಿಸಿತು.

ಮಧುಮೇಹಿಗಳ ಕಾಲಿನ ಹುಣ್ಣೂ ಸ್ಪರ್ಶಜ್ಞಾನ ಹೋದ ಪಾದದ ಹುಣ್ಣೇ ಎಂಬುದನ್ನು ಕಾರ್ವಿಲ್‌ನ ತಂಡ ಈ ದೇಶಕ್ಕೆ ಮನಗಾಣಿಸಿತು. ಹುಣ್ಣಾದ ಪಾದಕ್ಕೆ ಅಚ್ಚುಕಟ್ಟಾಗಿ ಹೊಂದುವ ಪ್ಲಾಸ್ಟರ್ ಹಾಕಿ ಭಾರ ಹಂಚುವ ಚಿಕಿತ್ಸೆ ಇಲ್ಲಿ ಬಳಕೆಗೆ ಬಂದದ್ದು ಬ್ರ್ಯಾಂಡ್ ಅವರ ಮೂಲಕ. ರೆಸಿಡೆನ್ಸಿಯಲ್ಲಿ ನಮಗೆಲ್ಲ ಕಲಿಸುವ, ನೈಲಾನ್ ಎಳೆಯನ್ನು ಅಂಗಾಲಿಗೆ ಒತ್ತಿ ನೋಡುವ ಪರೀಕ್ಷೆ ಹರಡುವುದರಲ್ಲೂ ಆ ಆಸ್ಪತ್ರೆಯ ಪಾತ್ರ ದೊಡ್ಡದು.

ತಾಯಿ ಎವೆಲಿನ್ 1974ರಲ್ಲಿ ತೊಂಬತ್ತೈದನೆಯ ವಯಸ್ಸಿನಲ್ಲಿ ತೀರಿಕೊಳ್ಳುವವರೆಗೂ ದಕ್ಷಿಣದ ಬೆಟ್ಟಗಳಲ್ಲೇ ಸೇವೆ ಮಾಡಿಕೊಂಡಿದ್ದರು. ಮಗ 2003ರ ಜುಲೈ 8ರಂದು ಸಿಯಾಟಲ್‌ನಲ್ಲಿ ಕಣ್ಮುಚ್ಚಿದರು.

ಕುಷ್ಠಕ್ಕೆ ಈಗ ಒಳ್ಳೆಯ ಔಷಧಿಗಳಿವೆ, ಅವು ಉಚಿತವಾಗಿಯೇ ಸಿಗುತ್ತವೆ. ಹಾಗಿದ್ದರೂ ಭಾರತದಲ್ಲಿ ವರ್ಷಕ್ಕೆ ಸುಮಾರು 1 ಲಕ್ಷ ಹೊಸ ರೋಗಿಗಳು ಪತ್ತೆಯಾಗುತ್ತಿದ್ದಾರೆ, ಅವರಲ್ಲಿ ಮಕ್ಕಳೂ ಇದ್ದಾರೆ. ಮೈಮೇಲೆ ಸ್ಪರ್ಶ ತಿಳಿಯದ ಮಚ್ಚೆ ಕಂಡಾಗಲೇ ಔಷಧಿ ಕೊಟ್ಟರೆ ಕೈ ಮಡಿಚುವುದನ್ನು ಬಹುಮಟ್ಟಿಗೆ ತಡೆಯಬಹುದು. ಊರಿಗೆ ಹೋದಾಗ ಈ ಮಾತನ್ನು ನಾಲ್ಕು ಜನರಿಗೆ ಹೇಳೋಣ. ಇನ್ನು ನಮ್ಮ ಮನೆಗಳಲ್ಲಿ ಸಕ್ಕರೆ ಕಾಯಿಲೆಯ ಅಪ್ಪ ಅಮ್ಮಂದಿರಿದ್ದರೆ ದಿನಕ್ಕೊಮ್ಮೆ ಅವರ ಅಂಗಾಲನ್ನು ಬೆಳಕಿನಲ್ಲಿ ನೋಡಬೇಕು, ಬೂಟಿನೊಳಗೆ ಕೈಯಾಡಿಸಿ ಕಲ್ಲು ಮೊಳೆ ಇಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಅವರ ಪಾದ ಹೇಳಲಾರದ ನೋವನ್ನು ಮಕ್ಕಳಾದ ನಮ್ಮ ಕಣ್ಣು ಹೇಳಬೇಕು.