ಇಂಗ್ಲಿಷ್ ಮೇಷ್ಟ್ರು ಕಟ್ಟಿದ ಕನ್ನಡ ತರಗತಿ

ಬಿ.ಎಂ.ಶ್ರೀ. ಅಂದ್ರೆ ನಮಗೆಲ್ಲ ನೆನಪಾಗೋದು ‘ಇಂಗ್ಲಿಷ್ ಗೀತಗಳು’. ಆದರೆ ಅವರು ಸಂಬಳ ತಗೊಂಡಿದ್ದು ಇಂಗ್ಲಿಷ್ ಪಾಠ ಮಾಡೋದಕ್ಕೆ ಅಂತ ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು?

ಬೆಳ್ಳೂರು ಮೈಲಾರಯ್ಯ ಶ್ರೀಕಂಠಯ್ಯ ಹುಟ್ಟಿದ್ದು 1884ರಲ್ಲಿ, ತುಮಕೂರು ಜಿಲ್ಲೆಯ ಸಂಪಿಗೆಯಲ್ಲಿ. ಆಗ ಭೂಪಟದಲ್ಲಿ ಕರ್ನಾಟಕ ಅನ್ನೋ ರಾಜ್ಯವೇ ಇರಲಿಲ್ಲ. ಮೈಸೂರು ಮಹಾರಾಜರದ್ದು, ಧಾರವಾಡ ಮುಂಬೈ ಪ್ರಾಂತ್ಯದ್ದು, ಮಂಗಳೂರು ಮದ್ರಾಸಿನದ್ದು, ಕಲಬುರಗಿ ಹೈದರಾಬಾದಿನ ನಿಜಾಮರದ್ದು. ಮೈಸೂರು ಸೀಮೆಯ ಕಾಲೇಜುಗಳೂ ಮದ್ರಾಸ್ ವಿಶ್ವವಿದ್ಯಾಲಯದ ಕೆಳಗಿದ್ದವು. ಮನೆಯಲ್ಲಿ ಒಂದೇ ಭಾಷೆ ಆಡುವ ಹುಡುಗರು ಪರೀಕ್ಷೆ ಬರೆಯುತ್ತಿದ್ದದ್ದು ಬೇರೆ ಬೇರೆ ಊರಿನ ವಿಶ್ವವಿದ್ಯಾಲಯಗಳಿಗೆ.

1911ರಲ್ಲಿ ಮೈಸೂರಿನ ಈ ತರುಣ ಮೇಷ್ಟ್ರು ಧಾರವಾಡಕ್ಕೆ ಹೋಗಿ, ಕನ್ನಡ ಮತ್ತೆ ತಲೆ ಎತ್ತೋದು ಹೇಗೆ ಅಂತ ವಿದ್ಯಾವರ್ಧಕ ಸಂಘದಲ್ಲಿ ಭಾಷಣ ಮಾಡಿದರು. ಇಂಗ್ಲಿಷನ್ನು ಬೈಯಲಿಲ್ಲ, ಅದರಿಂದ ಕನ್ನಡ ಏನು ಕಲಿಯಬಹುದು ಅಂತ ಯೋಚಿಸಿದರು.

1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ಶುರುವಾಯ್ತು. ಆದರೂ ಅಲ್ಲಿ ಕನ್ನಡದಲ್ಲಿ ಎಂ.ಎ. ಬರಲು 1927ರ ತನಕ ಕಾಯಬೇಕಾಯಿತು. ಆಗ ಅಲ್ಲಿನ ರಿಜಿಸ್ಟ್ರಾರ್ ಶ್ರೀಕಂಠಯ್ಯನವರೇ. ಆ ಮೊದಲ ಬ್ಯಾಚಿನಲ್ಲಿ ಕುವೆಂಪು ಇದ್ದರು. ಅಷ್ಟೇ ಅಲ್ಲ, 1919ರಲ್ಲೇ ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಕರ್ನಾಟಕ ಸಂಘ ‘ಪ್ರಬುದ್ಧ ಕರ್ನಾಟಕ’ ಪತ್ರಿಕೆ ಶುರುಮಾಡಿತ್ತು. ಹೆಸರು ನೋಡಿ. ರಾಜ್ಯ ಹುಟ್ಟೋಕೆ 37 ವರ್ಷ ಮೊದಲೇ ಒಂದು ಕಾಲೇಜು ಸಂಘದ ಪತ್ರಿಕೆ ಕರ್ನಾಟಕ ಅಂತ ಹೆಸರಿಟ್ಟುಕೊಂಡಿತ್ತು!

ಕವಿತೆ, ಭಾಷಣ ಜನರಲ್ಲಿ ಆಸೆ ಹುಟ್ಟಿಸುತ್ತವೆ. ಆದರೆ ಸಿಲಬಸ್, ಡಿಗ್ರಿ, ಅಧ್ಯಾಪಕರ ಹುದ್ದೆ ಇದ್ದರೆ ಆ ಆಸೆ ವರ್ಷ ವರ್ಷ ಹೊಸ ಹುಡುಗರನ್ನು ತಯಾರು ಮಾಡುತ್ತೆ. ಕನ್ನಡ ಓದಿದವನು ಕನ್ನಡ ಕಲಿಸಿಯೇ ಬದುಕಬಹುದು ಅಂತಾದಾಗ, ಭಾಷೆಗೆ ಮನೆಯ ಆಚೆಗೂ ಒಂದು ಜಾಗ ಸಿಗುತ್ತೆ.

ನಿವೃತ್ತಿಯ ನಂತರ ಶ್ರೀಕಂಠಯ್ಯನವರು ಮತ್ತೆ ಧಾರವಾಡಕ್ಕೆ ಹೋದರು, ಈ ಸಲ ಕಾಲೇಜಿನ ಪ್ರಿನ್ಸಿಪಾಲರಾಗಿ. 1946ರ ಜನವರಿಯಲ್ಲಿ ಅಲ್ಲೇ ತೀರಿಕೊಂಡರು. ಮೈಸೂರು, ಧಾರವಾಡ ಒಂದೇ ರಾಜ್ಯವಾಗಿದ್ದು ಅದಾಗಿ ಹತ್ತು ವರ್ಷಕ್ಕೆ, 1956ರ ನವೆಂಬರ್ 1ರಂದು. ಅದನ್ನು ಅವರು ನೋಡಲಿಲ್ಲ.

ನಮ್ಮಲ್ಲಿ ಬಹಳ ಜನ ಇಂಗ್ಲಿಷ್ ಮೀಡಿಯಂನವರು. ಕನ್ನಡ ನಮಗೆ ಪಾಸಾದರೆ ಸಾಕು ಅನ್ನಿಸೋ ಒಂದು ಪೇಪರ್. ಆ ಪೇಪರ್ ಕೂಡ ಯಾರೋ ಹಟ ಹಿಡಿದು ತಂದಿದ್ದು ಅಂತ ಗೊತ್ತಾದ ಮೇಲೆ, ಅದನ್ನು ಬರೀ ಪಾಸಾಗೋಕೆ ಓದಲು ನಮಗಂತೂ ಮನಸ್ಸು ಬರ್ತಿಲ್ಲ.