ನಮ್ಮೂರಿಗೆ ಮೊದಲು ಸಿಗ್ನಲ್ ತಂದವರು

ನಮ್ಮೂರು ರಾಯಚೂರು ಜಿಲ್ಲೆಯ ಒಂದು ಸಣ್ಣ ಹಳ್ಳಿ. ರಜೆಗೆ ಹೋದಾಗ ಮೊಬೈಲ್‌ಗೆ ಸರಿಯಾಗಿ ನೆಟ್‌ವರ್ಕ್ ಸಿಗಬೇಕೆಂದರೆ ನೀರಿನ ಟ್ಯಾಂಕ್ ಹತ್ತಬೇಕು. ಕಳೆದ ಬೇಸಿಗೆಯಲ್ಲಿ ಒಂದು ಇಂಟರ್ನ್‌ಶಿಪ್‌ಗೆ ಅರ್ಜಿ ಹಾಕಲು ಕೊನೆಯ ದಿನ ಅಲ್ಲೇ ಕೂತಿದ್ದೆ. ರೆಸ್ಯೂಮೆ ಅರ್ಧ ಅಪ್‌ಲೋಡ್ ಆಗಿ ನಿಂತುಹೋಯಿತು. ನೋಡನೋಡುತ್ತಲೇ ರಾತ್ರಿ ಹನ್ನೆರಡು ದಾಟಿತು. ಈ ಊರಿಗೆ ಯಾವುದೂ ಬರುವುದಿಲ್ಲ ಎಂದು ಗೊಣಗುತ್ತಾ ಮನೆಗೆ ಬಂದೆ. ಕಟ್ಟೆಯ ಮೇಲೆ ಮಲಗಿದ್ದ ಅಜ್ಜ ಎದ್ದು ಕೂತು, ಬೆಂಗಳೂರಿಗಿಂತ ಮೊದಲೇ ನಮ್ಮೂರಿಗೆ ಟಿವಿ ಬಂದಿತ್ತು ಎಂದರು. ನಾನು ನಂಬಲಿಲ್ಲ. ಆಮೇಲೆ ಹುಡುಕಿ ಓದಿದಾಗ ಅಜ್ಜ ಹೇಳಿದ್ದು ನಿಜ ಎಂದು ಗೊತ್ತಾಯಿತು. ಅದರ ಹಿಂದೆ ಇದ್ದವರು ವಿಕ್ರಮ್ ಸಾರಾಭಾಯಿ.

ಸಾರಾಭಾಯಿ ಹುಟ್ಟಿದ್ದು 1919ರ ಆಗಸ್ಟ್ 12ರಂದು, ಅಹಮದಾಬಾದಿನ ಜವಳಿ ಗಿರಣಿ ಮಾಲೀಕರ ಮನೆಯಲ್ಲಿ. ಕೇಂಬ್ರಿಡ್ಜ್‌ನಲ್ಲಿ ಓದುತ್ತಿದ್ದಾಗ ಎರಡನೇ ಮಹಾಯುದ್ಧ ಶುರುವಾಗಿದ್ದರಿಂದ ದೇಶಕ್ಕೆ ಮರಳಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿದರು. ಸಿ.ವಿ. ರಾಮನ್ ಅವರ ಮಾರ್ಗದರ್ಶನದಲ್ಲಿ ಕಾಸ್ಮಿಕ್ ಕಿರಣಗಳ ಸಂಶೋಧನೆ ಮಾಡಿದರು. ಹೋಮಿ ಭಾಭಾ ಅವರ ಸ್ನೇಹ ಬೆಳೆದದ್ದೂ ಅಲ್ಲಿಯೇ. ಯುದ್ಧ ಮುಗಿದ ಮೇಲೆ ಮತ್ತೆ ಕೇಂಬ್ರಿಡ್ಜ್‌ಗೆ ಹೋಗಿ 1947ರಲ್ಲಿ ಪಿಎಚ್‌.ಡಿ. ಪಡೆದರು. ಅದೇ ವರ್ಷದ ನವೆಂಬರ್‌ನಲ್ಲಿ ಅಹಮದಾಬಾದಿನಲ್ಲಿ ಭೌತ ಸಂಶೋಧನಾ ಪ್ರಯೋಗಾಲಯ ಆರಂಭಿಸಿದಾಗ ಅವರಿಗೆ ಕೇವಲ 28 ವರ್ಷ.

ಗಿರಣಿ ನೋಡಿಕೊಂಡು ಆರಾಮಾಗಿ ಇರಬಹುದಿತ್ತು. ಆದರೆ ಅವರು ಒಂದರ ಹಿಂದೆ ಒಂದು ಸಂಸ್ಥೆ ಕಟ್ಟುತ್ತಾ ಹೋದರು. ಅಹಮದಾಬಾದಿನ ಐಐಎಂ ಹುಟ್ಟಿದ್ದರಲ್ಲೂ ಅವರ ಪಾತ್ರ ದೊಡ್ಡದು. 1962ರಲ್ಲಿ ದೇಶದ ಬಾಹ್ಯಾಕಾಶ ಸಂಶೋಧನಾ ಸಮಿತಿಗೆ ಅಧ್ಯಕ್ಷರಾದರು. ಕೇರಳದ ತುಂಬಾ ಎಂಬ ಮೀನುಗಾರರ ಹಳ್ಳಿಯಲ್ಲಿ ಚರ್ಚ್ ಕಟ್ಟಡವೇ ಆಫೀಸಾಯಿತು. ರಾಕೆಟ್ ಭಾಗಗಳು ಸೈಕಲ್ ಮೇಲೆ ಬಂದವು. 1963ರ ನವೆಂಬರ್ 21ರಂದು ಅಲ್ಲಿಂದ ಮೊದಲ ರಾಕೆಟ್ ಹಾರಿತು. ಆಗ ಅಲ್ಲಿ ಕೆಲಸ ಮಾಡುತ್ತಿದ್ದ ಯುವ ಎಂಜಿನಿಯರ್‌ಗಳಲ್ಲಿ ಅಬ್ದುಲ್ ಕಲಾಂ ಕೂಡ ಒಬ್ಬರು.

ಊಟಕ್ಕೇ ಕಷ್ಟವಿರುವ ದೇಶಕ್ಕೆ ರಾಕೆಟ್ ಯಾಕೆ ಎಂದು ಆಗ ಬಹಳ ಜನ ಕೇಳುತ್ತಿದ್ದರು. ಚಂದ್ರನ ಮೇಲೆ ಹೋಗುವ ಪೈಪೋಟಿ ನಮಗೆ ಬೇಕಿಲ್ಲ, ಜನರ ಕಷ್ಟ ಬಗೆಹರಿಸಲು ಹೊಸ ತಂತ್ರಜ್ಞಾನ ಬಳಸುವುದರಲ್ಲಿ ಮಾತ್ರ ನಾವು ಯಾರಿಗೂ ಕಡಿಮೆಯಾಗಬಾರದು ಎಂಬುದು ಸಾರಾಭಾಯಿ ಅವರ ನಿಲುವಾಗಿತ್ತು. ಅದಕ್ಕೆ ಅವರು ಆರಿಸಿಕೊಂಡ ದಾರಿ ಟಿವಿ. 1967ರಲ್ಲಿ ದೆಹಲಿ ಸುತ್ತಲಿನ 80 ಹಳ್ಳಿಗಳಲ್ಲಿ ಕೃಷಿ ಕಾರ್ಯಕ್ರಮ ತೋರಿಸಿ ಪ್ರಯೋಗ ನಡೆಯಿತು. ಆದರೆ ದೇಶದ ಎಲ್ಲಾ ಹಳ್ಳಿಗೂ ಟವರ್ ಹಾಕುತ್ತಾ ಹೋದರೆ ಎಷ್ಟು ದಶಕ ಬೇಕು?

ಇಲ್ಲಿ ಅವರ ಯೋಚನೆ ನನ್ನಂಥ ವಿದ್ಯಾರ್ಥಿಗೆ ಪಾಠದಂತಿದೆ. ಟವರ್‌ನ ಸಿಗ್ನಲ್‌ಗೆ ಗುಡ್ಡ ಅಡ್ಡ ಬರುತ್ತದೆ. ಸುಮಾರು 36 ಸಾವಿರ ಕಿ.ಮೀ. ಎತ್ತರದಲ್ಲಿರುವ ಉಪಗ್ರಹಕ್ಕೆ ದೆಹಲಿಯೂ ಒಂದೇ, ನಮ್ಮೂರೂ ಒಂದೇ. ಟವರ್‌ಗಳನ್ನು ಹಾಕುತ್ತಾ ಬಂದರೆ ದೂರದ ಹಳ್ಳಿಗೆ ಸಿಗ್ನಲ್ ಸಿಗುವುದು ಎಲ್ಲರಿಗಿಂತ ಕೊನೆಗೆ. ಅವರು ಆ ಸಾಲನ್ನೇ ತಿರುಗಿಸಿದರು. 1969ರಲ್ಲಿ ನಾಸಾ ಜೊತೆ ಒಪ್ಪಂದವಾಯಿತು. ಉಪಗ್ರಹ ಅಮೆರಿಕದ್ದು, ನೆಲದ ಮೇಲಿನ ಕೆಲಸವೆಲ್ಲ ನಮ್ಮದು. ಇಸ್ರೊ ಶುರುವಾದದ್ದೂ ಅದೇ ವರ್ಷ.

ಆದರೆ ಅದನ್ನು ನೋಡುವ ಭಾಗ್ಯ ಅವರಿಗೆ ಸಿಗಲಿಲ್ಲ. 1971ರ ಡಿಸೆಂಬರ್ 30ರಂದು ಕೋವಳಂನಲ್ಲಿ ತೀರಿಕೊಂಡರು. ವಯಸ್ಸು ಕೇವಲ 52.

ಅವರು ಬೆಳೆಸಿದವರು ಕೆಲಸ ನಿಲ್ಲಿಸಲಿಲ್ಲ. 1975ರ ಆಗಸ್ಟ್ 1ರಂದು ಆರು ರಾಜ್ಯಗಳ 2,400 ಹಳ್ಳಿಗಳಲ್ಲಿ ಪ್ರಸಾರ ಆರಂಭವಾಯಿತು. ಕರ್ನಾಟಕದಲ್ಲಿ ಅದಕ್ಕೆ ಆಯ್ಕೆಯಾದದ್ದು ಆಗಿನ ಗುಲ್ಬರ್ಗ, ಬಿಜಾಪುರ ಮತ್ತು ರಾಯಚೂರು ಜಿಲ್ಲೆಗಳು. ಬೆಳಿಗ್ಗೆ ಶಾಲಾ ಮಕ್ಕಳಿಗೆ ಪಾಠ, ಸಂಜೆ ಬೇಸಾಯ, ಆರೋಗ್ಯದಂಥ ವಿಷಯಗಳು. ಅಜ್ಜನಿಗೆ ಆಗ ನನ್ನಷ್ಟೇ ವಯಸ್ಸು, ಇಪ್ಪತ್ತು. ಶಾಲೆ ಮುಂದೆ ಹತ್ತು ಅಡಿ ಅಗಲದ ತಂತಿ ಜಾಲರಿಯ ಬುಟ್ಟಿ ಆಕಾಶ ನೋಡುತ್ತಾ ನಿಂತಿತ್ತಂತೆ. ಸಂಜೆಯಾದರೆ ಹೊಲದಿಂದ ಬಂದವರು ಕೈಕಾಲು ತೊಳೆದು ಅಲ್ಲಿಯೇ ಕೂರುತ್ತಿದ್ದರಂತೆ. ಹಿಂದಿನ ಸಾಲಿನವರಿಗೆ ಚಿತ್ರ ಕಾಣದಿದ್ದರೂ ಕನ್ನಡ ಕೇಳುತ್ತಿತ್ತು.

ಒಂದು ವರ್ಷಕ್ಕೆ ಅವಧಿ ಮುಗಿದು ಉಪಗ್ರಹವನ್ನು ಅಮೆರಿಕ ವಾಪಸ್ ಪಡೆಯಿತು. ನಮ್ಮೂರಿನ ಪೆಟ್ಟಿಗೆ ಸುಮ್ಮನಾಯಿತು. ಆದರೆ ಆ ಅನುಭವದಿಂದಲೇ ಮುಂದೆ ನಮ್ಮದೇ ಇನ್ಸಾಟ್ ಉಪಗ್ರಹಗಳು ಬಂದವು. 1977ರಲ್ಲಿ ಗುಲ್ಬರ್ಗದಲ್ಲಿ ಟಿವಿ ಕೇಂದ್ರವಾಯಿತು. ಬೆಂಗಳೂರಿಗೆ ದೂರದರ್ಶನ ಬಂದದ್ದು 1981ರಲ್ಲಿ. 2018ರಲ್ಲಿ ಇಸ್ರೊ ಕಳಿಸಿದ ಜಿಸ್ಯಾಟ್-11 ಉಪಗ್ರಹದ ಕೆಲಸವೇ ದೂರದ ಊರುಗಳಿಗೆ ಇಂಟರ್ನೆಟ್ ಮುಟ್ಟಿಸುವುದು.

ಇಷ್ಟಾದರೂ ನಾನು ಟ್ಯಾಂಕ್ ಹತ್ತುವುದು ತಪ್ಪಿಲ್ಲ, ಆ ಇಂಟರ್ನ್‌ಶಿಪ್ ಮತ್ತೆ ಸಿಗುವುದೂ ಇಲ್ಲ. ಬಿಇ ಮುಗಿಸಿ ಬೆಂಗಳೂರು ಸೇರಿದರೆ ಊರಿನ ಗೊಡವೆ ಬೇಡ ಎಂದುಕೊಂಡಿದ್ದವನು ಈಗ ಮಿನಿ ಪ್ರಾಜೆಕ್ಟ್‌ನ ವಿಷಯ ಬದಲಿಸಿದ್ದೇನೆ. ತಾಲ್ಲೂಕು ಕೇಂದ್ರದಿಂದ ನಮ್ಮೂರ ಶಾಲೆಗೆ ದೂರ ಹೋಗುವ ವೈ-ಫೈ ಕೊಂಡಿ. ಎರಡು ಆಂಟೆನಾಗಳು ಎದುರುಬದುರು ಒಂದನ್ನೊಂದು ನೋಡಬೇಕು, ಆದರೆ ನಡುವೆ ಒಂದು ಗುಡ್ಡವಿದೆ. ಮೇಲೆ ಮೂರನೆಯ ಆಂಟೆನಾ ಇಡಲು ಜಾಗ ಹುಡುಕಬೇಕು. ಮುಂದಿನ ಭಾನುವಾರ ಗೆಳೆಯರ ಜೊತೆ ಗುಡ್ಡ ಹತ್ತುತ್ತಿದ್ದೇನೆ. ದಾರಿ ತೋರಿಸಲು ಅಜ್ಜನೂ ಬರುತ್ತಾರಂತೆ.